ಪರದೆ ಎಳೆದು ಆರಿಸಿದ ಊರು

ಸೀಬ್ರೆನ್ ಆ ಶನಿವಾರ ಬೆಳಿಗ್ಗೆ ಮಾಡಿದ ತಪ್ಪು ಇಷ್ಟೇ: ಮುಂದಿನ ಕೋಣೆಯ ಪರದೆ ಎಳೆದ.

ಮೆಪ್ಪೆಲ್ ಊರಿನ ಆ ಕಾಲುವೆ ಬೀದಿಯಲ್ಲಿ ಹಗಲು ಹೊತ್ತು ಯಾರೂ ಪರದೆ ಎಳೆಯುವುದಿಲ್ಲ. ಗೋಡೆಯಷ್ಟಗಲದ ಗಾಜಿನ ಕಿಟಕಿ. ಅದರಾಚೆ ಬೀದಿ, ಈಚೆ ಸಂಸಾರ. ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಯಾರು ಯಾರ ಮೇಲೆ ಮುನಿಸಿಕೊಂಡು ಸೋಫಾದ ತುದಿಗೆ ಸರಿದಿದ್ದಾರೆ, ಎಲ್ಲವೂ ಬೀದಿಗೆ ಗೊತ್ತು. ಮುಚ್ಚಿಡುವಂಥದ್ದು ನಮ್ಮಲ್ಲೇನೂ ಇಲ್ಲ ಎಂದು ತೋರಿಸುವುದೇ ಅಲ್ಲಿಯ ಮರ್ಯಾದೆ. ಹಗಲಲ್ಲಿ ಪರದೆ ಎಳೆದರೆ ಎರಡೇ ಅರ್ಥ. ಒಂದು, ಮನೆಯಲ್ಲಿ ಸಾವಾಗಿದೆ. ಇನ್ನೊಂದು, ಅದಕ್ಕಿಂತ ಕೆಟ್ಟದ್ದೇನೋ ನಡೆದಿದೆ.

ಸೀಬ್ರೆನ್‌ನ ಮನೆಯಲ್ಲಿ ನಡೆಯುತ್ತಿದ್ದುದು ಚಳಿಗಾಲದ ಸ್ಕೀ ರಜೆಗೆ ಊರು ಆರಿಸುವ ಕೆಲಸ.

ಅದಕ್ಕೇಕೆ ಪರದೆ ಎಂದರೆ, ಹಿಂದಿನದನ್ನು ಸ್ವಲ್ಪ ಹೇಳಬೇಕು. ಫೆಬ್ರವರಿಯ ಶಾಲೆ ರಜೆ ಬೀದಿಗೆಲ್ಲ ಒಂದೇ ವಾರ. ಬೆಳಿಗ್ಗೆ ಹೊರಟರೆ ಕತ್ತಲಾಗುವುದರೊಳಗೆ ಕಾರಿನಲ್ಲಿ ಮುಟ್ಟಬಹುದಾದ ಆಸ್ಟ್ರಿಯಾದ ಕಣಿವೆ ಎಂದು ಬೀದಿ ಒಪ್ಪಿಕೊಂಡದ್ದೂ ಒಂದೇ. ಅದರಾಚೆಗೆ ಹೋದರೆ ದಾರಿಯಲ್ಲಿ ಹೋಟೆಲು ಹಿಡಿಯಬೇಕು; ಅಂಥ ದುಂದು ಆ ಬೀದಿಯವರ ಜಾಯಮಾನದಲ್ಲೇ ಇಲ್ಲ. ಹಾಗಾಗಿ ಆರು ವರ್ಷದಿಂದ ಎಡಮನೆಯ ಹಾರ್ಮ್ ಮತ್ತು ಅವನ ಹೆಂಡತಿ ತ್ರೂಸ್, ಬಲಮನೆಯ ವಿಲ್ಮಾ ಮತ್ತು ಅವಳ ಮೊಮ್ಮಕ್ಕಳು, ನಡುಮನೆಯ ಸೀಬ್ರೆನ್, ಅವನ ಹೆಂಡತಿ ಹನ್ನೆಕೆ, ಮಗಳು ಫೆನ್ನಾ, ಎಲ್ಲರೂ ಆ ಕಣಿವೆಯ ಮಿಟ್ಟೆನಾವ್ ಎಂಬ ಊರಿನಲ್ಲೇ ಬೀಡುಬಿಡುತ್ತಿದ್ದರು.

ಮೊದಲ ವರ್ಷ ಅಲ್ಲಿ ಹಾರ್ಮ್ ಉಪ್ಪು ಕೇಳಲು ಬಂದಿದ್ದ. ಸೀಬ್ರೆನ್ ದಾಕ್ಷಿಣ್ಯದ ಪ್ರಾಣಿ, "ಕೂತ್ಕೋ" ಅಂದ. ಅವನು ಕೂತ. ಇಸ್ಪೀಟು ಬಂತು, ಆಟಕ್ಕೆ ನಾಲ್ಕು ಕೈ ಬೇಕೆಂದು ತ್ರೂಸ್, ವಿಲ್ಮಾ ಬಂದರು. ಅಂದಿನಿಂದ ಪ್ರತಿ ವರ್ಷ ಪ್ರತಿ ಸಂಜೆ ಅದೇ ನಾಲ್ವರು ಮೇಜಿನ ಸುತ್ತ. ಹನ್ನೆಕೆ ಒಲೆಯ ಮುಂದೆ ಚೀಸ್ ರೊಟ್ಟಿ ಸುಡುತ್ತ. ಹೋದ ವರ್ಷ ಫೆನ್ನಾ ಕೇಳಿದ್ದಳು, "ಅಪ್ಪಾ, ನಾವು ಆಸ್ಟ್ರಿಯಾಕ್ಕೆ ಬಂದ್ವಾ, ಅಥವಾ ನಮ್ಮ ಬೀದಿಯನ್ನೇ ಎತ್ತಿ ಹಿಮದ ಮೇಲೆ ಇಟ್ಟಿದಾರಾ?"

ಹನ್ನೆಕೆ ಈ ಸಲ ಖಡಾಖಂಡಿತ ಹೇಳಿದ್ದಳು. "ಈ ಹುಟ್ಟುಹಬ್ಬಕ್ಕೆ ನಂಗೆ ಬಳೆ ಬೇಡ, ಬಟ್ಟೆ ಬೇಡ. ಒಂದು ವಾರ ನಾವು ಮೂವರೇ ಇರೋ ಜಾಗ ಹುಡುಕು. ಇನ್ನೊಂದು ಸಲ ಹಾರ್ಮ್‌ಗೆ ರೊಟ್ಟಿ ಸುಡೋದಾದ್ರೆ ನಾನು ಬರೋದೇ ಇಲ್ಲ. ಅಮ್ಮನ ಮನೇಲಿರ್ತೀನಿ. ನೀನು ಹೋಗಿ ಇಸ್ಪೀಟಾಡು."

ಅವಳ ಹುಟ್ಟುಹಬ್ಬ ಇವತ್ತೇ. ಸಂಜೆ ಕೇಕು ಕತ್ತರಿಸುವ ಹೊತ್ತಿಗೆ ಉತ್ತರ ಬೇಕು.

ಅದಕ್ಕೇ ಪರದೆ. ಕಣಿವೆಯ ನಕ್ಷೆ ಹರಡಿಕೊಂಡು ಸೀಬ್ರೆನ್ ಬಗ್ಗಿದ. ಕಣಿವೆಯ ಬಾಯಲ್ಲೇ ವೋರ್ಡರಾವ್, ನಡುವೆ ಮಿಟ್ಟೆನಾವ್, ಮೇಲೆ ಓಬರ್‌ಲಾಖ್. ಕಟ್ಟಕಡೆಗೆ, ರಸ್ತೆಯೇ ಸುಸ್ತಾಗಿ ನಿಲ್ಲುವಲ್ಲಿ, ಹಿಂಟರ್‌ವಾಂಗ್. ಎರಡು ಸ್ಕೀ ಲಿಫ್ಟು, ಒಂದು ವಸತಿಗೃಹ, ಎಳೆಯರಿಗೂ ಸೀಬ್ರೆನ್‌ನಂಥವರಿಗೂ ಹೇಳಿಮಾಡಿಸಿದ ತಗ್ಗು ಇಳಿಜಾರು. ಜಾಹೀರಾತಿನ ಪುಸ್ತಕ ಅದಕ್ಕೆ ಬೆಂಕಿಪೊಟ್ಟಣದಷ್ಟು ಜಾಗ ಕೊಟ್ಟಿತ್ತು. ಇಲ್ಲಿಗೆ ಯಾರು ಬಂದಾರು ಎಂದುಕೊಂಡು ಸೀಬ್ರೆನ್ ಅದರ ಮೇಲೆ ಬೆರಳಿಟ್ಟ. ಆಗಲೇ ಬಾಗಿಲು ಬಡಿಯಿತು.

ಹಾರ್ಮ್. ಕೈಯಲ್ಲಿ ಟೋಪಿ, ಮುಖದಲ್ಲಿ ಶೋಕ.

"ಯಾರು ಸತ್ರು?"

"ಯಾರೂ ಇಲ್ಲ ಮಾರಾಯ. ಬಿಸಿಲು ಕಣ್ಣಿಗೆ ಹೊಡೀತಿತ್ತು."

ಹೊರಗೆ ಅಕ್ಟೋಬರಿನ ಮಳೆ ಜರಡಿ ಹಿಡಿದಂತೆ ಸುರಿಯುತ್ತಿತ್ತು. ಹಾರ್ಮ್ ಮಳೆಯನ್ನು ನೋಡಿದ, ಪರದೆಯನ್ನು ನೋಡಿದ, ಆಮೇಲೆ ಸೀಬ್ರೆನ್‌ನ ಹೆಗಲ ಮೇಲಿಂದ ಮೇಜಿನ ಮೇಲಿದ್ದ ನಕ್ಷೆಯನ್ನು ನೋಡಿದ.

"ಓಹೋ. ಸ್ಕೀಗೆ ಊರು ನೋಡ್ತಿದೀಯಾ. ಎತ್ತರದ್ದೇ ನೋಡಯ್ಯಾ. ತಗ್ಗಿನ ಊರಲ್ಲಿ ಹಿಮ ಅನ್ನೋದು ಸಾಲ ತಗೊಂಡವರ ಥರ, ಯಾವಾಗ ಬರುತ್ತೋ ಯಾವಾಗ ಕಣ್ಮರೆ ಆಗುತ್ತೋ. ಹೌದು, ಎಲ್ಲಿಗೆ ಅಂತ ಗಟ್ಟಿ ಮಾಡ್ದೆ?"

ಸೀಬ್ರೆನ್‌ನ ಬಾಯಿ ತಲೆಯನ್ನು ಕೇಳದೆ ಉತ್ತರಿಸಿತು. "ಓಬರ್‌ಲಾಖ್."

"ಖಂಡಿತಾನಾ?"

"ಖಂಡಿತ."

"ಆಮೇಲೆ ಬದಲಾಯಿಸಲ್ಲ ತಾನೆ?" ಹಾರ್ಮ್ ಹತ್ತಿರ ಬಂದು ಕೇಳಿದ. ಅವನ ಕಣ್ಣಲ್ಲಿ ಎಂಥದೋ ಆಸೆ ಹೊಳೆಯಿತು. ಇವನು ನೆರಳಿನ ಹಾಗೆ ಓಬರ್‌ಲಾಖ್‌ಗೂ ಬರುತ್ತಾನೆ, ಬರಲಿ, ಅಲ್ಲಿ ಒಬ್ಬನೇ ಇಸ್ಪೀಟು ಕಲಸಲಿ ಎಂದುಕೊಂಡ ಸೀಬ್ರೆನ್. ಸುಳ್ಳು ಹೇಳಿದ ಸಂಕಟಕ್ಕಿಂತ ಗೆದ್ದ ಸಂತೋಷವೇ ಹೆಚ್ಚಾಗಿತ್ತು.

ಕೇಕು ತರಲು ಸೈಕಲ್ ಹತ್ತಿ ಬೇಕರಿಗೆ ಹೋದರೆ ಅಲ್ಲಿ ವಿಲ್ಮಾ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮುದುಕಿ. ಎದುರಿಗೆ ನಿಂತವರೆಲ್ಲ ಇನ್ನೂ ಮೂರನೇ ತರಗತಿಯಲ್ಲೇ ಇದ್ದಾರೆಂದು ಅವಳ ನಂಬಿಕೆ.

"ಏನಪ್ಪಾ ಸೀಬ್ರೆನ್, ಪರದೆ ಎಳೆದಿದ್ರಂತೆ. ಹನ್ನೆಕೆಗೂ ನಿನಗೂ ಸರಿ ಇದೆ ತಾನೆ?"

"ಸರಿ ಇದೆ ವಿಲ್ಮಾ. ರಜೆಗೆ ಊರು ನೋಡ್ತಿದ್ದೆ ಅಷ್ಟೆ."

"ಅದೂ ಕೇಳ್ದೆ. ಓಬರ್‌ಲಾಖ್ ಅಂತೆ."

ಸುದ್ದಿ ಸೈಕಲ್ಲಿಗಿಂತ ಮೊದಲೇ ಬಂದು ರೊಟ್ಟಿಗಳ ನಡುವೆ ಬಿಸಿಬಿಸಿಯಾಗಿ ಕೂತಿತ್ತು. ವಿಲ್ಮಾ ಇಂಥದ್ದನ್ನು ಸಲೀಸಾಗಿ ಬಿಡುವವಳಲ್ಲ. ಇವಳೂ ಹಾರ್ಮ್‌ನೂ ಸೇರಿಕೊಂಡು ತನ್ನನ್ನು ಹುಡುಕಿಕೊಂಡು ಕಣಿವೆಯೆಲ್ಲ ತಿರುಗಿದರೆ ಗತಿಯೇನು? ಇಬ್ಬರನ್ನೂ ಬೇರೆ ಬೇರೆ ಊರಿಗೆ ಅಟ್ಟುವುದೇ ಸರಿ.

"ಅದು ಹಾರ್ಮ್‌ಗೆ ಹೇಳಿದ್ದು," ಸೀಬ್ರೆನ್ ದನಿ ತಗ್ಗಿಸಿದ. "ನಿಜ ಹೇಳ್ಬೇಕಂದ್ರೆ ವೋರ್ಡರಾವ್. ಫೆನ್ನಾಗೆ ಅಲ್ಲಿನ ಸ್ಕೀ ಶಾಲೆ ಇಷ್ಟ."

"ವೋರ್ಡರಾವ್," ವಿಲ್ಮಾ ನಿಧಾನವಾಗಿ ಹೇಳಿದಳು, ಬಾಯಿಪಾಠ ಮಾಡುವವಳಂತೆ. "ಆ ಪೂರ್ತಿ ವಾರ ಅಲ್ಲೇ ಇರ್ತೀರಾ? ಸುತ್ತಾಡೋಕೆ ಅಂತ ಬೇರೆ ಊರಿಗೆ ಬರಲ್ಲ?"

"ಎಲ್ಲಿಗೂ ಬರಲ್ಲ."

"ಜಾಣ," ಎಂದು ಅವಳು ಅವನ ಕೆನ್ನೆ ತಟ್ಟಿ, ತಾನು ಕೊಳ್ಳಲು ಬಂದಿದ್ದ ರೊಟ್ಟಿಯನ್ನೂ ಮರೆತು ಹೊರಟುಹೋದಳು.

ಇನ್ನು ಹಿಂಟರ್‌ವಾಂಗ್‌ಗೆ ಫೋನು ಮಾಡಬೇಕು. ಎಲ್ಲಿಂದ ಮಾಡುವುದು? ಮನೆಯಲ್ಲಿ ಹನ್ನೆಕೆ, ಬೀದಿಯಲ್ಲಿ ಕಿಟಕಿಗಳು. ಕೊನೆಗೆ ಕೇಕಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಕಾಲುವೆಯ ಸೇತುವೆಯ ಕೆಳಗೆ ಇಳಿದ. ಅಲ್ಲಿದ್ದ ಬಾತುಕೋಳಿಗಳಿಗೆ ಕೇಕಿನ ವಾಸನೆ ಹತ್ತಿತು. ಅತ್ತ ವಸತಿಗೃಹದ ಯಜಮಾನಿ ಥಾಲರಮ್ಮ ಫೋನೆತ್ತಿದಾಗ ಇತ್ತ ಬಾತುಗಳ ಪಂಚಾಯಿತಿ ಸೇರಿತ್ತು.

"ಹಲೋ, ಕೋಳಿ ಫಾರಮ್ಮಿಂದ ಮಾತಾಡ್ತಿದೀರಾ?"

"ಇಲ್ಲಮ್ಮ, ಮೆಪ್ಪೆಲ್ಲಿಂದ. ರಜೆ ವಾರಕ್ಕೆ ಮೂರು ಜನಕ್ಕೆ ಕೋಣೆ ಬೇಕಿತ್ತು. ಒಂದು ಮಾತು, ನಮ್ಮೂರಿನವರು ಯಾರೂ ಅಲ್ಲಿಗೆ ಬರಲ್ಲ ತಾನೆ?"

"ನಿಮ್ಮೂರಿನ ಹೆಸರು ನಾನು ಕೇಳ್ತಿರೋದೇ ಇವತ್ತು."

ಇದಕ್ಕಿಂತ ಇಂಪಾದ ಮಾತನ್ನು ಸೀಬ್ರೆನ್ ಆ ವರ್ಷ ಕೇಳಿರಲಿಲ್ಲ. ಹೆಸರು, ವಿಳಾಸ ಕೊಟ್ಟ. ಸಂಜೆ ಫೋನು ಮಾಡಿ ಖಚಿತಪಡಿಸುತ್ತೇನೆ ಎಂದಳು ಥಾಲರಮ್ಮ. ಫೋನು ಜೇಬಿಗಿಡುವಾಗ ಡಬ್ಬಿ ವಾಲಿತು. ತೆರೆದು ನೋಡಿದರೆ ಕೇಕಿನ ಮೇಲಿನ ಕೆನೆಯೆಲ್ಲ ಒಂದೇ ಕಡೆಗೆ ಜಾರಿ, ಹನ್ನೆಕೆಯ ಹೆಸರು ಇಳಿಜಾರಿನಲ್ಲಿ ಬಿದ್ದುಹೋದ ಸ್ಕೀಗಾರನಂತೆ ಕಾಲು ಮೇಲೆ ಮಾಡಿಕೊಂಡಿತ್ತು.

ಸೇತುವೆಯ ಮೇಲೆ ಹತ್ತಿ ಬಂದರೆ ಎದುರಿಗೆ ತ್ರೂಸ್, ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು.

"ಸೇತುವೆ ಕೆಳಗೆ ಏನ್ ಮಾಡ್ತಿದ್ರಿ?"

"ಬಾತುಕೋಳಿ ನೋಡ್ತಿದ್ದೆ."

"ಕೇಕ್ ಹಿಡ್ಕೊಂಡಾ?" ತ್ರೂಸ್ ಹುಬ್ಬೇರಿಸಿದಳು. "ಇರ್ಲಿ. ಹಾರ್ಮ್ ಓಬರ್‌ಲಾಖ್ ಅಂತಾರೆ, ವಿಲ್ಮಾ ವೋರ್ಡರಾವ್ ಅಂತಾಳೆ. ಅಂದ್ರೆ ನಮ್ಮ ಮಿಟ್ಟೆನಾವ್ ಬಿಟ್ಟೇಬಿಟ್ರಾ?"

ಬಿಟ್ಟೆವು ಎಂದರೆ ಏಕೆ ಬಿಟ್ಟಿರಿ ಎನ್ನುತ್ತಾಳೆ. "ಬಿಡೋದುಂಟಾ," ಎಂದ ಸೀಬ್ರೆನ್, ಬೆವರೊರೆಸಿಕೊಳ್ಳುತ್ತ. "ಮಿಟ್ಟೆನಾವ್‌ಗೂ ಬಂದೇ ಬರ್ತೀವಿ. ಹಳೇ ಜಾಗ ಅಲ್ವಾ."

ತ್ರೂಸ್‌ಳ ಮುಖ ಏಕೋ ಇಳಿಯಿತು. ಗಾಳಿಗೆ ಎದುರಾಗಿ, ಹಾಲು ಉಕ್ಕಿದ ವಾಸನೆ ಬಂದವಳಂತೆ ಮನೆಯ ಕಡೆ ಸೈಕಲ್ ತುಳಿದಳು.

ಸಂಜೆ ನಾಲ್ಕಕ್ಕೆ ಹುಟ್ಟುಹಬ್ಬ. ಪರದೆ ಈಗ ಪೂರ್ತಿ ತೆರೆದಿತ್ತು. ಅಲ್ಲಿಯ ಪದ್ಧತಿಯಂತೆ ಕುರ್ಚಿಗಳನ್ನೆಲ್ಲ ವೃತ್ತಾಕಾರವಾಗಿ ಹಾಕಿದ್ದರು. ಬಂದವರು ಹನ್ನೆಕೆಗೆ ಶುಭ ಹೇಳಿ, "ನಿನ್ನ ಹೆಂಡ್ತಿ ಹುಟ್ಟಿದ್ದಕ್ಕೆ ಅಭಿನಂದನೆ" ಎಂದು ಸೀಬ್ರೆನ್‌ನ ಕೈ ಕುಲುಕಿ, "ನಿನ್ನಮ್ಮ ಹುಟ್ಟಿದ್ದಕ್ಕೆ" ಎಂದು ಫೆನ್ನಾಳ ಕೈ ಕುಲುಕಿ, ವೃತ್ತದಲ್ಲಿ ಕೂತರು. ಎಲ್ಲರಿಗೂ ಕಾಫಿ, ಎಲ್ಲರಿಗೂ ಒಂದೊಂದೇ ತುಂಡು ಕೇಕು. ಎರಡನೆಯದನ್ನು ಕೇಳುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಬಂದದ್ದಿಲ್ಲ.

ಸೀಬ್ರೆನ್‌ನ ಕಣ್ಣು ಎಲ್ಲರ ಬಾಯಿಯ ಮೇಲೇ ಇತ್ತು. ಒಬ್ಬರಿಗೊಂದು ಊರು ಹೇಳಿದ್ದಾನೆ. ಮೂವರೂ ಒಂದೇ ವೃತ್ತದಲ್ಲಿ ಕೂತಿದ್ದಾರೆ. ಯಾರಾದರೂ ಒಬ್ಬರು ಬಾಯಿಬಿಟ್ಟರೆ ಮುಗಿಯಿತು. ಆದರೆ ಸೋಜಿಗವೆಂದರೆ ಯಾರೂ ರಜೆಯ ಮಾತೇ ಎತ್ತಲಿಲ್ಲ. ಹಾರ್ಮ್ ಮಳೆಯ ಬಗ್ಗೆ ಮಾತಾಡಿದ. ವಿಲ್ಮಾ ಅದನ್ನು ಒಪ್ಪಿಕೊಂಡಳು. ತ್ರೂಸ್ ಹೋದ ವರ್ಷದ ಮಳೆಯ ಬಗ್ಗೆ ಹೇಳಿದಳು. ಮೂವರ ಮುಖದಲ್ಲೂ ಹಬ್ಬದ ದಿನದ ಬೆಕ್ಕಿನ ತೃಪ್ತಿ.

ಸೀಬ್ರೆನ್‌ಗೆ ಜೀವ ಬಂತು. ತಟ್ಟೆ ಹಂಚುತ್ತ ಬಂದವನು ಹನ್ನೆಕೆಯ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ, "ಹಿಂಟರ್‌ವಾಂಗ್. ಕಣಿವೆಯ ಕಟ್ಟಕಡೆ. ನಾವು ಮೂವರೇ."

ಹನ್ನೆಕೆ ಅವನನ್ನು ನೋಡಿದ ರೀತಿ ಮದುವೆಯ ಹೊಸತರಲ್ಲಿ ನೋಡುತ್ತಿದ್ದಂತಿತ್ತು. "ಈ ಸೊಟ್ಟ ಕೇಕನ್ನೂ ಕ್ಷಮಿಸಿದೀನಿ, ಹೋಗು," ಅಂದಳು.

ಆಗ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಸೀಬ್ರೆನ್‌ನ ಎರಡೂ ಕೈಯಲ್ಲಿ ತಟ್ಟೆ.

"ಅಪ್ಪಾ, ಆಸ್ಟ್ರಿಯಾದಿಂದ," ಎಂದು ಫೆನ್ನಾ ಉಪಕಾರ ಮಾಡುವವಳಂತೆ ಸ್ಪೀಕರ್ ಒತ್ತಿ ಅವನ ಮುಖದ ಮುಂದೆ ಹಿಡಿದಳು.

"ಸೀಬ್ರೆನ್ ಅವ್ರೇ, ನಾನು ಹಿಂಟರ್‌ವಾಂಗ್‌ನ ಥಾಲರ್," ದನಿ ಕೋಣೆಯ ತುಂಬ ಹರಡಿತು. "ನಿಮ್ಮ ಕೋಣೆ ಗಟ್ಟಿಯಾಯ್ತು. ಇನ್ನೊಂದು ವಿಷಯ, ಹೊಟ್ಟೇಲಿಟ್ಕೊಳ್ಳೋಕೆ ಆಗ್ತಿಲ್ಲ. ನೀವು ಫೋನಿಟ್ಟ ಮೇಲೆ ನಿಮ್ಮ ಬೀದಿಯಿಂದಲೇ ಇನ್ನಿಬ್ಬರು ಕೋಣೆ ಹಿಡಿದ್ರು. ಒಬ್ರು ಹಾರ್ಮ್ ಅಂತೆ. ಇನ್ನೊಬ್ರು ವಿಲ್ಮಾ ಅಂತ, ಮೊಮ್ಮಕ್ಕಳ ಜೊತೆ. ಅವರೂ ನಿಮ್ಮ ಹಾಗೇ ಕೇಳಿದ್ರು, ನಮ್ಮೂರಿನವರು ಯಾರೂ ಬರಲ್ಲ ತಾನೆ ಅಂತ. ಪಾಪ, ಪರಸ್ಥಳದಲ್ಲಿ ಒಂಟಿ ಆಗ್ತೀವಿ ಅಂತ ಎಲ್ರಿಗೂ ಭಯ. ಅಲ್ಲೇ ಬಂದು ನೋಡಿ ಖುಷಿಪಡಲಿ ಅಂತ ಅವರಿಗೆ ಏನೂ ಹೇಳಲಿಲ್ಲ. ಚಿಂತೆ ಬಿಡಿ. ಮೂರೂ ಸಂಸಾರಕ್ಕೆ ಅಕ್ಕಪಕ್ಕದ ಕೋಣೆ. ಊಟಕ್ಕೂ ಒಂದೇ ಮೇಜು. ದುಂಡು ಮೇಜು."

ಫೋನು ನಿಂತಿತು. ವೃತ್ತದಲ್ಲಿ ಕೂತವರು ಒಬ್ಬರನ್ನೊಬ್ಬರು ನೋಡದಿರಲು ಎಲ್ಲಾದರೂ ನೋಡಬೇಕಲ್ಲ, ಎಲ್ಲರೂ ಕೇಕು ನೋಡಿದರು.

ಮೊದಲು ಉಸಿರು ಬಿಟ್ಟವನು ಹಾರ್ಮ್. "ನೀನು ಮೂರು ಊರು ಹೇಳ್ದೆ," ಅಂದ, ಅಪರಾಧಿಯ ದನಿಯಲ್ಲಿ. "ಯಾವುದಕ್ಕೆ ಹೋಗ್ತೀಯೋ ತಿಳೀಲಿಲ್ಲ. ಮೂರನ್ನೂ ಬಿಟ್ವಿ. ಉಳಿದಿದ್ದು ಅದೊಂದೇ ಕಣಯ್ಯಾ."

"ನಾನೂ ಹಾಗೇ ಲೆಕ್ಕ ಹಾಕ್ದೆ," ಅಂದಳು ವಿಲ್ಮಾ.

ಸೀಬ್ರೆನ್ ತಟ್ಟೆ ಕೆಳಗಿಟ್ಟ. "ಅಂದ್ರೆ ನನ್ನಿಂದ ತಪ್ಪಿಸ್ಕೊಳ್ಳೋಕಾ? ಪ್ರತಿ ಸಂಜೆ ಬಂದು ಕೂರ್ತಿದ್ದವನು ನೀನಲ್ವಾ?"

"ನಾನು ಉಪ್ಪು ತಗೊಂಡು ಹೋಗೋಣ ಅಂತ ಬಂದೆ. ನೀನು ಕೂತ್ಕೋ ಅಂದೆ. ಎದ್ದು ಹೋದ್ರೆ ಬೇಜಾರು ಮಾಡ್ಕೋತೀಯೇನೋ ಅಂತ ಕೂತೆ. ಆರು ವರ್ಷದಿಂದ ಕೂತಿದೀನಿ. ನಂಗೆ ಇಸ್ಪೀಟು ಕಂಡ್ರೆ ಆಗಲ್ಲ."

"ನಂಗೂ ಆಗಲ್ಲ," ಸೀಬ್ರೆನ್ ಮೆಲ್ಲಗೆ ಅಂದ.

"ನೀವು ಕರೀತೀರಲ್ಲ ಅಂತ ನಾನು ಮೊಮ್ಮಕ್ಕಳಿಗೆ ಕತೆ ಹೇಳೋದು ಬಿಟ್ಟು ಬರ್ತಿದ್ದೆ," ಅಂದಳು ವಿಲ್ಮಾ.

"ಆ ಚೀಸ್ ರೊಟ್ಟಿ ತಿಂದು ತಿಂದು ನಂಗೆ ರಾತ್ರಿಯೆಲ್ಲ ಎದೆಯುರಿ," ಎಂದಳು ತ್ರೂಸ್. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮೊದಲು ನಕ್ಕದ್ದು ಹನ್ನೆಕೆ. ಕಾಫಿ ಚೆಲ್ಲುವಷ್ಟು ನಕ್ಕಳು. ಆಮೇಲೆ ವೃತ್ತವೆಲ್ಲ ನಕ್ಕಿತು. ಬಿಗಿಯಾದ ಬೂಟು ಕಳಚಿದವರ ನಗೆ. ಅಲ್ಲೇ ತೀರ್ಮಾನವೂ ಆಯಿತು. ಹಿಂಟರ್‌ವಾಂಗ್‌ನಲ್ಲಿ ಯಾರಿಗೂ ಯಾರ ಗುರುತೂ ಇಲ್ಲ. ಇಳಿಜಾರಿನಲ್ಲಿ ಎದುರಾದರೆ ಟೋಪಿ ಮುಟ್ಟುವುದು, ಅಷ್ಟೆ. ಮೇಜುಗಳನ್ನು ಬೇರೆ ಮಾಡಿಸುವ ಹೊಣೆಯನ್ನು ವಿಲ್ಮಾ ಹೊತ್ತಳು. ಸಂತೋಷಕ್ಕೆ ಹನ್ನೆಕೆ ಎಲ್ಲರಿಗೂ ಎರಡನೇ ತುಂಡು ಕೇಕು ಬಡಿಸಿದಳು. ಆ ಬೀದಿ ಅಂಥದ್ದನ್ನು ಕಂಡಿರಲಿಲ್ಲ.

ಬೀಳ್ಕೊಡಲು ಸೀಬ್ರೆನ್ ಬಾಗಿಲವರೆಗೆ ಹೋದ. ಮನಸ್ಸು ಹಗುರವಾಗಿತ್ತು. ಹಗುರವಾದ ಮನಸ್ಸಿಗೆ ಎಚ್ಚರ ಕಡಿಮೆ. ಹಾರ್ಮ್‌ನ ಕೈ ಕುಲುಕುತ್ತ ಅಂದ, "ಏನೇ ಆಗ್ಲಿ, ಒಂದೇ ಸೂರಿನಡಿ ಇರ್ತೀವಿ. ಒಂದು ಸಂಜೆ ಸುಮ್ನೆ ಬಾ, ಕೂತ್ಕೊಳ್ಳೋಣ."

ಹಾರ್ಮ್ ಟೋಪಿ ಸರಿಮಾಡಿಕೊಂಡ. ಬರುವುದಿಲ್ಲ ಎಂದರೆ ಇವನು ಬೇಜಾರು ಮಾಡಿಕೊಂಡಾನು. "ಬರ್ತೀನಿ," ಅಂದ. "ಹಾಗಾದ್ರೆ ಮಾರನೇ ಸಂಜೆ ನೀನು ನಮ್ಮ ಕೋಣೆಗೆ ಬರ್ಬೇಕು."

"ಬರದೆ ಇರ್ತೀನಾ," ಎಂದ ಸೀಬ್ರೆನ್.

"ನಾಲ್ಕನೇ ಕೈ ಬೇಕಾದ್ರೆ ಹೇಳಿ," ಎಂದಳು ವಿಲ್ಮಾ ಮೆಟ್ಟಿಲಿಳಿಯುತ್ತ, ಬಿಟ್ಟುಹೋದರೆ ಚೆನ್ನಾಗಿರುವುದಿಲ್ಲವೆಂದು.

ಬಾಗಿಲು ಹಾಕಿ ಸೀಬ್ರೆನ್ ಒಳಗೆ ತಿರುಗಿದ. ಹನ್ನೆಕೆ ಕೋಣೆಯ ನಡುವೆ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಿಟಕಿಯ ಬಳಿ ಹೋಗಿ, ಈ ತುದಿಯಿಂದ ಆ ತುದಿಯವರೆಗೆ, ನಿಧಾನವಾಗಿ ಪರದೆ ಎಳೆದಳು.

ಹೊರಗಿನಿಂದ ಹಾರ್ಮ್‌ನ ದನಿ ಬಂತು. "ಯಾರು ಸತ್ರು?"

"ಇನ್ನೂ ಯಾರೂ ಇಲ್ಲ ಹಾರ್ಮ್," ಎಂದಳು ಹನ್ನೆಕೆ. "ಒಂದೈದು ನಿಮಿಷ ತಡೀರಿ."

ಅವಳ ತುಟಿಯ ಮೂಲೆಯಲ್ಲಿ ನಗುವೊಂದು ಇಣುಕುತ್ತಿದೆಯೇ ಎಂದು ಸೀಬ್ರೆನ್ ಮಬ್ಬಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದ. ಇಣುಕುತ್ತಿತ್ತು. ಅವನು ಸದ್ದಿಲ್ಲದೆ ಹೋಗಿ, ಎಲ್ಲರ ಎಂಜಲು ತಟ್ಟೆ ತೊಳೆಯಲು ನಿಂತ.