ಕರಿ ಉಣ್ಣೆಯ ಐದು ಗಂಟು

೧

ಶಿರಾದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನಿಗೆ ಇಂಥ ಪ್ರಸಂಗಗಳು ಬೇಡವೆಂದರೂ ಬೆನ್ನು ಬಿಡುವುದಿಲ್ಲ. ಅದರಲ್ಲೂ ‘ಗೆಟ್’ ಎಂಬ ಗಿಡ್ಡ ಪದ ನನ್ನನ್ನು ಕಾಡಿದಷ್ಟು ಶಾಲಾ ಇನ್ಸ್‌ಪೆಕ್ಟರೂ ಕಾಡಿಲ್ಲ.

ಶಾಲೆಯೆದುರು ವೀಳ್ಯದೆಲೆ ಮಾರುವವನು ಕಿಟಕಿಯಾಚೆಯಿಂದ ನನ್ನ ಪಾಠ ಕೇಳುತ್ತಿದ್ದ. ಒಂದು ಸಂಜೆ ತಡೆದು ನಿಲ್ಲಿಸಿದ.

“ಮೊನ್ನೆ ಗೆಟ್ ಅಂದ್ರೆ ಸಿಗೋದು ಅಂದ್ರಿ, ನಿನ್ನೆ ತಲುಪೋದು ಅಂದ್ರಿ, ಇವತ್ತು ಆಗೋದು ಅಂತೀರಿ. ಮೊದ್ಲು ನೀವೊಂದು ತೀರ್ಮಾನಕ್ಕೆ ಬನ್ನಿ ಮೇಷ್ಟ್ರೇ, ಆಮೇಲೆ ಮಕ್ಕಳಿಗೆ ಹೇಳ್ಕೊಡೋರಂತೆ!”

೨

ಯುದ್ಧದ ಕಾಲ. ಬರಗೂರಿನ ಕಡೆಯ ಕಂಬಳಿ ನೇಯುವ ಮುದುಕನೊಬ್ಬ ಬಂದ. ಪಟಾಲಮ್ಮಿಗೆ ಸೇರಿದ ಒಬ್ಬನೇ ಮಗನಿಂದ ವರ್ಷವಾದರೂ ಕಾಗದವಿಲ್ಲ. ಸಿಪಾಯಿಗಳ ಮನೆಯವರ ಅಹವಾಲು ಕೇಳಲು ಬಿಳಿ ದೊರೆಯೊಬ್ಬ ಮುಂದಿನ ವಾರ ಮುಸಾಫಿರಖಾನೆಗೆ ಬರುವವನಿದ್ದ.

“ನಾನೇ ಮಾತಾಡ್ತೀನಿ ಬಿಡಪ್ಪ” ಎಂದೆ.

“ಬ್ಯಾಡಿ ಸ್ವಾಮಿ. ನನ್ ಮಗನ್ ವಿಚಾರ ನಾನೇ ಕೇಳ್ಬೇಕು. ಆದ್ರೆ ಜಾಸ್ತಿ ತಲೇಗೆ ಹತ್ತಾಕಿಲ್ಲ. ಎಲ್ಲಾ ಕೆಲ್ಸಕ್ಕೂ ಆಗೋ ಅಂಥ ಒಂದೇ ಪದ ಕೊಟ್ಬುಡಿ.”

ಅಂಥದ್ದು ನನ್ನ ಬಳಿ ಇದ್ದದ್ದು ಒಂದೇ: ಗೆಟ್. ಅವನು ಸೊಂಟದಿಂದ ಕರಿ ಉಣ್ಣೆಯ ದಾರ ತೆಗೆದು, ಅರ್ಥಕ್ಕೊಂದರಂತೆ ಗಂಟು ಹಾಕಿಕೊಂಡ. ಕಾಗದ ಸಿಗುತ್ತಾ? ಮಗ ಊರು ತಲುಪುತ್ತಾನಾ? ಅವನಿಗೇನಾದರೂ ಆಯಿತಾ? ಅವನನ್ನು ತಂದುಕೊಡುತ್ತೀರಾ? ದೊರೆ ಉತ್ತರ ಕೊಟ್ಟ ಮೇಲೆ ‘ತಿಳಿಯಿತು’ ಎನ್ನುವುದಕ್ಕೆ ಐದನೆಯದು.

ದಿನವೂ ಬಂದು ಒಪ್ಪಿಸುತ್ತಿದ್ದ, ದಿನವೂ ಕೊನೆಯದನ್ನು ಮರೆಯುತ್ತಿದ್ದ.

“ನಾಕು ಬರಾಬರ್ ಐತೆ ಸ್ವಾಮಿ. ಈ ತಿಳಿಯೋದು ಒಂದು ಮಾತ್ರ ತಿಳೀತಾನೇ ಇಲ್ಲ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

೩

ದೊರೆಯ ಮುಂದೆ ಮುದುಕ ಕೈಮುಗಿದು “ಮೈ ಸನ್” ಎಂದ. ಮೊದಲ ಗಂಟು ಮುಟ್ಟಿ “ಗೆಟ್” ಎಂದ. ಎರಡನೆಯದಕ್ಕೂ ಗೆಟ್, ಮೂರನೆಯದಕ್ಕೂ, ನಾಲ್ಕನೆಯದಕ್ಕೂ. ಸರದಿಯಲ್ಲಿದ್ದವರು ಕಿಸಕ್ಕೆಂದರು. ಹಿಂದೆ ನಿಂತಿದ್ದ ನಾನೂ ನಗು ತಡೆಯಲು ಅಂಗವಸ್ತ್ರ ಕಚ್ಚಿಕೊಂಡೆ.

ದೊರೆ ನಗಲಿಲ್ಲ. ಮಗನ ನಂಬರಿನ ಚೀಟಿ ಕೇಳಿ ಪಡೆದು, ಪಟ್ಟಿಯಲ್ಲಿ ಬಹಳ ಹೊತ್ತು ಹುಡುಕಿದ. ಆಮೇಲೆ ಎದ್ದು ಟೋಪಿ ತೆಗೆದು, ಮೆಲ್ಲಗೆ ನಾಲ್ಕಾರು ಮಾತು ಹೇಳಿದ.

ಮುದುಕ ನನ್ನ ಕಡೆ ತಿರುಗಿದ. “ಏನಂದ್ರು ಸ್ವಾಮಿ? ನನ್ ಪದ ಒಂದ್ಸಲಾನೂ ಬರ್ಲಿಲ್ವಲ್ಲ?”

ಇಪ್ಪತ್ತು ವರ್ಷ ಇಂಗ್ಲಿಷಿಗೆ ಕನ್ನಡ ಅರ್ಥ ಹೇಳಿದ ಬಾಯಿ ನನ್ನದು. ಆವತ್ತು ಅದನ್ನು ತೆರೆದರೆ ಅಳು ಬಂದುಬಿಟ್ಟಿತು.

ಅವನು ನನ್ನ ಮುಖವನ್ನೇ ನೋಡಿದ. ಬೆರಳು ತಾನಾಗಿ ಐದನೆಯ ಗಂಟಿಗೆ ಹೋಯಿತು.

“ಗೆಟ್” ಎಂದ. “ಬುಡಿ ಸ್ವಾಮಿ, ಅಳ್ಬ್ಯಾಡಿ. ಪಾಠ ಚೆನ್ನಾಗೇ ಕಲ್ಸಿದೀರಿ.”