ಶೇವ್ ಎಂಬ ಪದಕ್ಕೆ ಅರ್ಥ ಬರೆದವನು

ಗಡ್ಡಣ್ಣನ ಗ್ರಹಚಾರ ಕೆಟ್ಟದ್ದು ‘ಶೇವ್’ ಎಂಬ ಒಂದೇ ಒಂದು ಇಂಗ್ಲಿಷ್ ಪದದಿಂದ.

ನಿಘಂಟು ಕಚೇರಿಯಲ್ಲಿ ಅವನು ಒಂಬತ್ತು ವರ್ಷದಿಂದ ಹಂಗಾಮಿ ಸಹಾಯಕ. ಆವತ್ತು ಮಧ್ಯಾಹ್ನ ಮೂರಕ್ಕೆ ಕಾರ್ಯದರ್ಶಿ ಮೇಡಂ ಬಂದು ಅವನ ಕೆಲಸ ಕಾಯಂ ಮಾಡುವ ಆದೇಶಕ್ಕೆ ಸಹಿ ಹಾಕುವವರಿದ್ದರು. ಅಷ್ಟರೊಳಗೆ ಕೈಯಲ್ಲಿದ್ದ ಕೊನೆಯ ಪದವನ್ನು ಒಪ್ಪಿಸಿದರಾಯಿತು. ಪುಣ್ಯಾತ್ಮ ಬೆಳಿಗ್ಗೆ ಹತ್ತಕ್ಕೇ ಬರೆದು ಮುಗಿಸಿದ್ದ.

ಪ್ರಧಾನ ಸಂಪಾದಕರು ಹಾಳೆ ಹಿಡಿದು ಗಟ್ಟಿಯಾಗಿ ಓದಿದರು. “ಹಳೆಯ ಇಂಗ್ಲಿಷಿನಲ್ಲಿ ಈ ಮಾತಿಗೆ ‘ಹೆರೆ’ ಎಂದರ್ಥ. ಮರ ಹೆರೆಯುವುದಕ್ಕೂ ಇದೇ ಮಾತು. ತಲೆ ಬೋಳಿಸಿಕೊಂಡ ಪಾದ್ರಿಗಳನ್ನು ಹೀಯಾಳಿಸಲು ಇದರಿಂದಲೇ ಒಂದು ಬೈಗುಳ ಹುಟ್ಟಿತು. ಸ್ವಲ್ಪದರಲ್ಲಿ ಬಚಾವಾದರೆ ‘ಕ್ಲೋಸ್ ಶೇವ್’, ಅಂದರೆ ಕೂದಲೆಳೆಯಲ್ಲಿ ಪಾರು. ಭೇಷ್! ಸಹಿ ಹಾಕು.”

ಈ ಸಹಿಯೇ ಆ ಕಚೇರಿಯ ದೊಡ್ಡ ಪೀಡೆ. ಅರ್ಥ ಬರೆದವನು ಆ ಕೆಲಸವನ್ನು ಸ್ವತಃ ಮಾಡಿ ನೋಡಿ, ಕೆಳಗೆ ‘ಅನುಭವಿಸಿದ್ದೇನೆ’ ಎಂದು ಸಹಿ ಹಾಕಬೇಕು. ಸಂಪಾದಕರು ಮಾಡಿದ ನಿಯಮ. ‘ಸ್ವಿಮ್’ ಬರೆದ ಟೈಪಿಸ್ಟ್ ಅಕ್ಕ ಮೂರು ದಿನ ಆಸ್ಪತ್ರೆಯಲ್ಲಿದ್ದರು.

ಗಡ್ಡಣ್ಣ ಪೆನ್ನು ತೆರೆದ. ಸಂಪಾದಕರ ಕಣ್ಣು ಎದೆಯವರೆಗೆ ಇಳಿದಿದ್ದ ಅವನ ಗಡ್ಡದ ಮೇಲೆ ಬಿತ್ತು.

“ನೀನು ಯಾವತ್ತಾದ್ರೂ ಶೇವ್ ಮಾಡ್ಕೊಂಡಿದ್ದೀಯೇನಯ್ಯಾ?”

“ಇಲ್ಲ ಸಾರ್. ಬ್ಲೇಡು ಕಂಡ್ರೆ ನಂಗೆ ಕೈಕಾಲು ನಡುಗುತ್ತೆ. ಹುಟ್ಟಿದ ಗಡ್ಡಾನ ಹಾಗೇ ಬಿಟ್ಟಿದ್ದೀನಿ.”

“ಹಾಗಾದ್ರೆ ಯಾವ ಮುಖ ಇಟ್ಕೊಂಡು ಸಹಿ ಹಾಕ್ತೀಯಾ? ಸುಳ್ಳು ಸಹಿ ಹಾಕೋನಿಗೆ ಕಾಯಂ ಕೆಲಸಾನಾ? ನಡಿ, ಮೂರು ಗಂಟೆಯೊಳಗೆ ಬೋಳಿಸ್ಕೊಂಡು ಬಾ!”

ಗಡ್ಡಣ್ಣ ಅಳುವುದೊಂದು ಬಾಕಿ. ಟೈಪಿಸ್ಟ್ ಅಕ್ಕ ಬಾಗಿಲವರೆಗೂ ಬಂದು ಅವನನ್ನು ದಬ್ಬಿದರು. “ಹೋಗಪ್ಪಾ, ಗಡ್ಡ ಮತ್ತೆ ಬರುತ್ತೆ. ಕಾಯಂ ಕೆಲ್ಸ ಮತ್ತೆ ಬರುತ್ತಾ?”

ಎದುರಿನ ಕ್ಷೌರದಂಗಡಿಯಲ್ಲಿ ಅವನು ಕಣ್ಣು ಮುಚ್ಚಿ, ಕುರ್ಚಿಯ ಕೈಗಳನ್ನು ಅವುಚಿ ಹಿಡಿದು ಕೂತ. ಕತ್ತರಿ ಆಯಿತು, ನೊರೆ ಆಯಿತು, ಕತ್ತಿ ಆಯಿತು. ಕೊನೆಗೆ ಟವೆಲಿನಿಂದ ಮುಖ ಒರೆಸಿದ ಕ್ಷೌರಿಕ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದ.

“ಸಾರ್! ನೀವು ಬೆಳಿಗ್ಗೆನೇ ಶೇವ್ ಮಾಡಿಸ್ಕೊಂಡು ಹೋದ್ರಲ್ಲ?”

ಗಡ್ಡಣ್ಣ ಕಣ್ಣು ಬಿಟ್ಟ. ಕನ್ನಡಿಯೊಳಗೆ ಪ್ರಧಾನ ಸಂಪಾದಕರು ಕೂತಿದ್ದರು! ಬೆರಳಲ್ಲಿ ಒತ್ತಿದಂಥ ಅದೇ ಗಲ್ಲದ ಗುಳಿ, ಎಡಕ್ಕೆ ವಾಲಿದ ಅದೇ ದವಡೆ. ಒಂಬತ್ತು ವರ್ಷದ ಅಭ್ಯಾಸ ನೋಡಿ, ಅವನು ದಡಕ್ಕನೆ ಎದ್ದು ಕನ್ನಡಿಗೆ “ನಮಸ್ಕಾರ ಸಾರ್” ಎಂದ.

ಕಚೇರಿಯ ಗೇಟಿನಲ್ಲಿ ಕಾವಲುಗಾರ ಬೀಡಿ ಎಸೆದು ಸಲಾಮು ಹೊಡೆದ. ಒಳಗೆ ಕಾದಂಬರಿ ಓದುತ್ತಿದ್ದ ಟೈಪಿಸ್ಟ್ ಅಕ್ಕ ಅದನ್ನು ಸೆರಗಿನಡಿ ತುರುಕಿ, “ಈಗಷ್ಟೇ ಮುಗೀತು ಸಾರ್, ಟೈಪು” ಎಂದರು.

“ಅಕ್ಕಾ, ನಾನು!”

ದನಿ ಗಡ್ಡಣ್ಣನದು, ಮುಖ ಸಾಹೇಬರದು. ಅಕ್ಕ ಕಿಟಾರನೆ ಕಿರುಚಿದರು. ಕಿರುಚಾಟಕ್ಕೆ ಹೊರಬಂದ ಸಂಪಾದಕರ ಕೈಯಿಂದ ಕಡತ ಜಾರಿ ಬಿತ್ತು. ಇಬ್ಬರೂ ಬಾಯಿ ತೆರೆದು ಎದುರುಬದುರು ನಿಂತಿದ್ದಾಗಲೇ ಕಾರ್ಯದರ್ಶಿ ಮೇಡಂ ಒಳಗೆ ಕಾಲಿಟ್ಟರು. ಇವರನ್ನು ನೋಡಿದರು, ಅವರನ್ನು ನೋಡಿದರು, “ಗಡ್ಡ ಬೋಳಿಸಿಕೊಂಡ ಗಡ್ಡಣ್ಣ ಮೇಡಂ” ಎಂದ ಅಕ್ಕನ ಮಾತು ಕೇಳಿ, ಸಹಿಗೆಂದು ತೆಗೆದಿದ್ದ ಪೆನ್ನನ್ನು ಮುಚ್ಚಿದರು.

“ಓಹೋ! ಮನೆಮಂದಿನ ಗಡ್ಡದೊಳಗೆ ಬಚ್ಚಿಟ್ಟು ಕೆಲಸ ಕೊಡಿಸ್ತಿದ್ದೀರಾ? ಯಾರಿವನು? ತಮ್ಮನೋ, ಮಗನೋ?”

“ಮೇಡಂ, ನಂಗೆ ಮದುವೇನೇ ಆಗಿಲ್ಲ!”

“ಅದನ್ನ ನಾನು ಕೇಳ್ಲಿಲ್ಲ.”

“ನಂಗೆ ಹಿಂದೆ ಮುಂದೆ ಯಾರೂ ಇಲ್ಲ ಮೇಡಂ” ಎಂದು ಸಂಪಾದಕರು ಬೆವರಿದರು. “ಇವನು ಯಾರೋ, ನಾನ್ಯಾರೋ!”

“ಸಂಬಂಧಿಕರಿಗೆ ಇಲ್ಲಿ ಕೆಲಸ ಇಲ್ಲ. ನೀವೇ ಬರೆದ ನಿಯಮ. ಸಂಬಂಧ ಇಲ್ಲ ಅಂತ ಬಲ್ಲವರು ಯಾರಾದ್ರೂ ಬಂದು ಸಹಿ ಹಾಕ್ಲಿ, ಆಮೇಲೆ ನೋಡೋಣ.”

ಗಡ್ಡಣ್ಣನಿಗೆ ಹೋದ ಜೀವ ಬಂದಂತಾಯಿತು. “ನಮ್ಮಮ್ಮ ಇದ್ದಾರಲ್ಲ ಮೇಡಂ! ನಮ್ಮ ನೆಂಟರ ಪೈಕಿ ಅವರಿಗೆ ಗೊತ್ತಿಲ್ಲದವರೇ ಇಲ್ಲ. ಈಗಲೇ ಕರೆಸ್ತೀನಿ.”

ಅರ್ಧ ಗಂಟೆಯಲ್ಲಿ ಅಮ್ಮ ಏದುಸಿರು ಬಿಡುತ್ತಾ ಬಂದರು. ಬಾಗಿಲಲ್ಲಿ ಮಗನ ಬೋಳು ಮುಖ ಕಂಡದ್ದೇ ತಡ, ಎದೆಗೆ ಕೈಯಿಟ್ಟು ಚೀರಿದರು. “ಅಣ್ಣಾ!”

“ಅಮ್ಮಾ, ಅಣ್ಣ ಅಲ್ಲ, ನಾನು! ನಿನ್ ಮಗ!”

“ಅಯ್ಯೋ ನನ್ನ ಕಂದಾ, ನೀನೇನೋ? ಮನೆ ಬಿಟ್ಟು ಹೋದ ದಿನ ನಮ್ಮಣ್ಣ ಹೀಗೇ ಇದ್ದ ಕಣೋ...”

“ಅದೆಲ್ಲಾ ಇರ್ಲಿ. ಇಲ್ಲಿ ಸಹಿ ಹಾಕು, ಈ ಸಾಹೇಬ್ರಿಗೂ ನಮಗೂ ಏನೂ ಸಂಬಂಧ ಇಲ್ಲ ಅಂತ.”

ಅಮ್ಮ ಪೆನ್ನು ಹಿಡಿದು, ಯಾವ ಸಾಹೇಬರು ಎಂದು ತಿರುಗಿ ನೋಡಿದರು. ಸಂಪಾದಕರು ಬಿಳಿಚಿಕೊಂಡು ಗೋಡೆಗೆ ಅಂಟಿ ನಿಂತಿದ್ದರು.

“ಗುಬ್ಬೀ?” ಎಂದರು.

ಪೆನ್ನು ಕೆಳಗೆ ಬಿತ್ತು. “ಅಪ್ಪನ ಡಿಕ್ಷನರಿ ಎತ್ಕೊಂಡು ಓಡಿಹೋದ ಕಳ್ಳಾ!” ಎಂದು ಅಮ್ಮ ನುಗ್ಗಿ ಹೋಗಿ ಅಣ್ಣನ ಬೆನ್ನಿಗೆ ಎರಡು ಗುದ್ದಿದರು. ಆಮೇಲೆ ತಬ್ಬಿಕೊಂಡು ಗೊಳೋ ಎಂದು ಅತ್ತರು. ಮೂವತ್ತಾರು ವರ್ಷದ ಅಳು. ಟೈಪಿಸ್ಟ್ ಅಕ್ಕನೂ ಸುಮ್ಮನೆ ಜೊತೆಗೆ ಅತ್ತರು.

ಕಾರ್ಯದರ್ಶಿ ಮೇಡಂ ಕಾಯಂ ಆದೇಶವನ್ನು ನಾಲ್ಕು ಚೂರು ಮಾಡಿದರು.

“ಮೇಡಂ, ಹಂಗಾಮಿ ಕೆಲಸ ಆದ್ರೂ...” ಎಂದು ಗಡ್ಡಣ್ಣ ಗೋಗರೆದ.

“ಹೇಗೆ ಸಾಧ್ಯವೋ ಅಳಿಯಾ? ನಿಯಮ ನಿಯಮವೇ” ಎಂದವರು ಸಂಪಾದಕರು. ಕಣ್ಣೀರು ಒರೆಸಿಕೊಂಡು ಮೇಜಿಗೆ ಕೂತು, ಸೋದರಳಿಯನನ್ನು ಆ ಕ್ಷಣದಿಂದಲೇ ಕೆಲಸದಿಂದ ತೆಗೆದಿರುವುದಾಗಿ ತಮ್ಮ ಕೈಯಾರೆ ಬರೆದುಕೊಟ್ಟರು.

ಅಮ್ಮ ಆ ಕಾಗದವನ್ನು ಬೆಳಕಿಗೆ ಹಿಡಿದು ಹಿಗ್ಗಿಹೋದರು. “ನೋಡೋ, ನಿನ್ ಮಾವನ ಅಕ್ಷರ! ಒಳ್ಳೆ ಮುತ್ತು ಪೋಣಿಸಿದ ಹಾಗಿದೆ!”