ಮಾದರಿ ಚಾಲಕ

ನಮ್ಮ ಆಸ್ಪತ್ರೆಯ ಕರುಳಿನ ಸೂಕ್ಷ್ಮಾಣು ಪರೀಕ್ಷಾ ಪೂರ್ವಸಿದ್ಧತಾ ವಿಭಾಗವು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಎರಡು ಸಾವಿರದ ನಾನೂರ ಹನ್ನೊಂದು ರೋಗಿಗಳನ್ನು ಪರೀಕ್ಷೆಗೆ ಸಿದ್ಧಗೊಳಿಸುತ್ತ ಬಂದಿದೆ. ಇವರಲ್ಲಿ ಯಾರೊಬ್ಬರಿಗೂ ಪರೀಕ್ಷೆ ನಡೆದಿಲ್ಲ. ಈ ಎರಡನೆಯ ಸಂಗತಿಯನ್ನು ಹಿಡಿದುಕೊಂಡು ಆಡಿಕೊಳ್ಳುವ ಜನ ಊರಲ್ಲಿದ್ದಾರೆ. ಅವರು ಮೊದಲನೆಯ ಸಂಗತಿಯನ್ನು ಸರಿಯಾಗಿ ಓದಿಲ್ಲವೆಂಬುದು ವಿಭಾಗದ ಅಭಿಪ್ರಾಯ.

ನಾನು ಆ ವಿಭಾಗದ ಗುಮಾಸ್ತ. ಮೂರನೆಯ ಕಿಟಕಿ ನನ್ನದು. ಇಲ್ಲಿ ನಾನು ಹೇಳಹೊರಟಿರುವುದು ಒಬ್ಬ ಬಸ್ ಚಾಲಕರ ವಿಚಾರ. ಅವರ ಕಡತ ಈಗಲೂ ನನ್ನ ಕಪಾಟಿನಲ್ಲೇ ಇದೆ. ದಪ್ಪದಲ್ಲಿ ಅದು ಉಳಿದ ಕಡತಗಳಿಗಿಂತ ಒಂದು ಕೈ ಮೇಲು.

ಚಾಲಕರು ಹದಿನೆಂಟು ವರ್ಷ ಒಂದೇ ಒಂದು ಅಪಘಾತವಿಲ್ಲದೆ ಬಸ್ಸು ಓಡಿಸಿದವರು. ಐವತ್ತರ ಹತ್ತಿರದಲ್ಲಿ ಹೊಟ್ಟೆ ಕೈಕೊಟ್ಟಿತು. ಬಸ್ಸು ತುಂಬ ಜನರನ್ನು ಕೂರಿಸಿಕೊಂಡು, ದಾರಿಯ ಮಧ್ಯೆ ಬಸ್ಸನ್ನು ಬದಿಗೆ ಹಾಕಿ, ಯಾರ ಮುಖವನ್ನೂ ನೋಡದೆ ಇಳಿದು ಓಡುವುದು ವಾರಕ್ಕೆ ನಾಲ್ಕೈದು ಸಲ ನಡೆಯತೊಡಗಿತು. ಪ್ರಯಾಣಿಕರು ದೂರು ಬರೆದರು. ಡಿಪೋ ಮ್ಯಾನೇಜರ್ ಚಾಲಕರನ್ನು ಕರೆಸಿ, "ಹೊಟ್ಟೆ ಪರೀಕ್ಷೆ ಮಾಡಿಸ್ಕೊಂಡು ರಿಪೋರ್ಟ್ ತನ್ನಿ. ಅಲ್ಲೀವರೆಗೆ ಟೈರ್ ಗೋಡೌನಲ್ಲಿ ಕೂತಿರಿ. ಮೂರು ತಿಂಗಳಲ್ಲಿ ರಿಪೋರ್ಟ್ ಬರ್ಲಿಲ್ಲ ಅಂದ್ರೆ ಗೋಡೌನೇ ಕಾಯಂ," ಅಂದರು.

ಚಾಲಕರು ಗೋಡೌನಿನಲ್ಲಿ ಹಳೆ ಟೈರಿನ ಮೇಲೆ ಕೂತು, ತಮ್ಮ ಬಸ್ಸು ಬೇರೆಯವರ ಕೈಯಲ್ಲಿ ಗೇರು ಕಿರುಗುಟ್ಟಿಸುತ್ತ ಹೊರಗೆ ಹೋಗುವುದನ್ನು ಎರಡು ದಿನ ಕೇಳಿದರು. ಮೂರನೆಯ ದಿನ ಹೆಂಡತಿಯನ್ನು ಕರೆದುಕೊಂಡು ನನ್ನ ಕಿಟಕಿಗೆ ಬಂದರು.

ಹೆಂಡತಿ ಶಿಶುವಿಹಾರದ ಟೀಚರು. ಗಟ್ಟಿ ದನಿ, ಕೊಂಕಿಲ್ಲದ ಮಾತು.

"ಇವರಿಗೆ ಎರಡಕ್ಕೆ ಸಂಬಂಧಪಟ್ಟ ಪರೀಕ್ಷೆ ಆಗ್ಬೇಕು," ಅಂದರು.

ನಾನು ಗೋಡೆಯ ಸುತ್ತೋಲೆಯ ಕಡೆ ಕೈ ತೋರಿಸಿದೆ. 'ವಿಭಾಗದ ಘನತೆಯ ದೃಷ್ಟಿಯಿಂದ ಸದರಿ ಪದಾರ್ಥವನ್ನು ಇನ್ನು ಮುಂದೆ ಮಾದರಿ ಎಂದು ಮಾತ್ರ ಉಲ್ಲೇಖಿಸತಕ್ಕದ್ದು. ಅಂಕಿಗಳ ಮೂಲಕ ಸೂಚಿಸುವುದನ್ನೂ ನಿಷೇಧಿಸಲಾಗಿದೆ.'

"ಸರಿ, ಮಾದರಿ. ಡಬ್ಬಿ ಕೊಡಿ, ನಾಳೆ ಬೆಳಿಗ್ಗೆ ತಂದುಕೊಡ್ತಾರೆ."

"ಅಷ್ಟು ಸುಲಭ ಅಲ್ಲಮ್ಮ," ಅಂದೆ. "ಮೊದಲು ಸಿದ್ಧರಾಗ್ಬೇಕು."

"ಅವರು ಸಿದ್ಧವಾಗೇ ಇದಾರಲ್ರಿ! ಸಿದ್ಧವಾಗಿರೋದೇ ಅವರ ಕಾಯಿಲೆ!"

ಅಂಥ ಮಾತಿಗೆ ಕಿಟಕಿಯಲ್ಲಿ ಉತ್ತರ ಕೊಡುವ ಪದ್ಧತಿ ಇಲ್ಲ. ನಾನು ಅರ್ಜಿಯ ನಮೂನೆಯನ್ನು ಅವರ ಕೈಗೆ ಕೊಟ್ಟೆ.

ಸಿದ್ಧತೆ ಮೂರು ಹಂತದ್ದು. ಮೊದಲನೆಯದು ಪರಿಚಯ ಭಾಷಣ. ವಿಭಾಗದ ಮುಖ್ಯಸ್ಥರು ಪರದೆಯ ಮೇಲೆ ಚಿತ್ರ ತೋರಿಸುತ್ತ, ಪ್ರತಿಯೊಬ್ಬ ರೋಗಿಯ ಕರುಳಿನಲ್ಲೂ ಕೋಟ್ಯಂತರ ಸೂಕ್ಷ್ಮಜೀವಿಗಳು ತಲೆತಲಾಂತರದಿಂದ ಬಾಳುತ್ತಿವೆ, ಅವುಗಳಿಗೆ ಗಾಬರಿಯಾಗದಂತೆ ನಡೆದುಕೊಳ್ಳುವುದು ನಮ್ಮ ಹೊಣೆ ಎಂದು ಒಂದೂವರೆ ಗಂಟೆ ಹೇಳಿದರು. ಕೂತಿದ್ದ ಇಪ್ಪತ್ತು ಮಂದಿಯಲ್ಲಿ ಹನ್ನೆರಡು ಮಂದಿ ಮಧ್ಯೆ ಎದ್ದು ಓಡಿದರು. ಭಾಷಣದ ವೇಳೆ ಹೊರಹೋದವರನ್ನು ಗೈರುಹಾಜರೆಂದು ಪರಿಗಣಿಸುವ ನಿಯಮವಿದೆ. ಚಾಲಕರು ಆ ಭಾಷಣವನ್ನು ಒಟ್ಟು ನಾಲ್ಕು ಸಲ ಕೇಳಿದರು. ನಾಲ್ಕನೆಯ ಸಲ ಅವರು ಹಲ್ಲು ಕಚ್ಚಿ, ಸ್ಟೇರಿಂಗ್ ಹಿಡಿದಂತೆ ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯವರೆಗೂ ಕೂತಿದ್ದನ್ನು ನಾನೇ ಕಂಡೆ.

ಎರಡನೆಯದು ದಿನಚರಿ. ತಿಂದದ್ದು, ಕುಡಿದದ್ದು, ಹೋದದ್ದು, ಬಂದದ್ದು, ಎಲ್ಲವನ್ನೂ ಇಪ್ಪತ್ತೊಂದು ದಿನ ಹೊತ್ತು ಸಮೇತ ಬರೆಯಬೇಕು. ಔಷಧ ಬಿಡಬೇಕು, ಬೀಡಿ ಬಿಡಬೇಕು, ಹೊತ್ತು ಹೊತ್ತಿಗೆ ಉಣ್ಣಬೇಕು. ಒಂದು ದಿನ ಏರುಪೇರಾದರೂ ಮತ್ತೆ ಒಂದರಿಂದ ಎಣಿಕೆ. ಹತ್ತೊಂಬತ್ತನೆಯ ದಿನ ಚಾಲಕರು ಅಕ್ಕನ ಮೊಮ್ಮಗಳ ಹುಟ್ಟುಹಬ್ಬದಲ್ಲಿ ಬೆರಳಗಲದ ಕೇಕು ತಿಂದು, ಪ್ರಾಮಾಣಿಕವಾಗಿ ಬರೆದರು. ಎಣಿಕೆ ಒಂದಕ್ಕೆ ಬಂತು. ಅವರು ಎದುರಾಡಲಿಲ್ಲ. "ತಪ್ಪು ನಂದೇ," ಅಂದರು. ಇಂಥ ರೋಗಿಗಳಿಂದಲೇ ವಿಭಾಗಕ್ಕೆ ಹೆಸರು.

ಮೂರನೆಯದು ಅಭ್ಯಾಸ. ಮಾದರಿಯನ್ನು ಡಬ್ಬಿಗೆ ಹೇಗೆ ತುಂಬುವುದು, ಎಷ್ಟು ತುಂಬುವುದು, ಮುಚ್ಚಳ ಯಾವ ಕಡೆಗೆ ತಿರುಗಿಸುವುದು ಎಂಬುದನ್ನು ಜೇಡಿಮಣ್ಣಿನಲ್ಲಿ ಮಾಡಿ ತೋರಿಸಬೇಕು. ವಿಭಾಗದಲ್ಲಿ ಜೇಡಿಮಣ್ಣು ಮುಗಿದಿತ್ತು. ಹೆಂಡತಿ ಶಿಶುವಿಹಾರದಿಂದ ಮಕ್ಕಳು ಆಡುವ ಮಣ್ಣು ತಂದರು. ಅದು ನೀಲಿ ಬಣ್ಣದ್ದು. ನೀಲಿ ಮಾದರಿ ಸಹಜಸ್ಥಿತಿಯನ್ನು ಬಿಂಬಿಸುವುದಿಲ್ಲವೆಂದು ಸಿದ್ಧತಾ ನರ್ಸ್ ಎರಡು ಸಲ ತಿರಸ್ಕರಿಸಿದರು. ಮೂರನೆಯ ಸಲ ಹೆಂಡತಿ ಮೇಜಿನ ಮೇಲೆ ಕೈಯೂರಿ, "ನಾನು ದಿನಾ ಮೂವತ್ತು ಮಕ್ಕಳನ್ನ ಕಕ್ಕಸಿಗೆ ಕರ್ಕೊಂಡು ಹೋಗ್ತೀನಿ ಕಣ್ರಿ. ಮೂರು ವರ್ಷದ ಕೂಸುಗಳು. ಒಂದಕ್ಕೂ ಇಷ್ಟು ತರಬೇತಿ ಕೊಟ್ಟಿಲ್ಲ, ಎಲ್ಲಾ ಸರಿಯಾಗೇ ಮಾಡ್ತಾವೆ," ಅಂದರು. ನರ್ಸ್ ಸಹಿ ಹಾಕಿದರು. 'ಬಣ್ಣ ಹೊರತುಪಡಿಸಿ ತೃಪ್ತಿಕರ' ಎಂದು ಷರಾ ಬರೆದರು.

ಇಷ್ಟರಲ್ಲಿ ಹತ್ತು ವಾರ ಕಳೆದಿತ್ತು. ತೊಂದರೆ ಶುರುವಾದದ್ದು ಆಗ.

ಚಾಲಕರ ದಿನಚರಿ ಓದುತ್ತಿದ್ದ ನರ್ಸ್ ಗಾಬರಿಯಿಂದ ನನ್ನ ಬಳಿ ಬಂದರು. ಕಳೆದ ಎರಡು ವಾರದ ಪ್ರತಿ ಪುಟದಲ್ಲೂ ಒಂದೇ ಬರಹ: 'ಬೆಳಿಗ್ಗೆ ಆರೂವರೆ. ಒಂದು ಸಲ. ಸಮಾಧಾನ.' ಹೊತ್ತು ಹೊತ್ತಿಗೆ ಉಂಡು, ಬೀಡಿ ಬಿಟ್ಟು, ನಿಲ್ದಾಣ ನಿಲ್ದಾಣದಲ್ಲಿ ಟೀ ಕುಡಿಯುವುದು ತಪ್ಪಿ, ಆ ಮನುಷ್ಯನಿಗೆ ಕಾಯಿಲೆ ವಾಸಿಯಾಗಿಬಿಟ್ಟಿತ್ತು.

ಮುಖ್ಯಸ್ಥರು ಕೂಡಲೆ ಸಭೆ ಕರೆದರು. ಕಡತದಲ್ಲಿ ರೋಗಿ ಎಂದಿದೆ. ಹೊಟ್ಟೆಯಲ್ಲಿ ರೋಗ ಇಲ್ಲ. ಕಡತಕ್ಕೂ ಹೊಟ್ಟೆಗೂ ತಾಳೆಯಾಗದ ಮಾದರಿಯನ್ನು ಮುಂದಕ್ಕೆ ಕಳಿಸುವಂತಿಲ್ಲ. ಕಡತ ತಿದ್ದಲು ಮೇಲಿನವರ ಅನುಮತಿ ಬೇಕು. ಹೊಟ್ಟೆ ತಿದ್ದಲು ಬೇಡ. ಆದ್ದರಿಂದ 'ಯಥಾಸ್ಥಿತಿ ಪುನಃಸ್ಥಾಪನಾ ಆದೇಶ' ಹೊರಟಿತು: ರೋಗಿಯು ಎರಡು ವಾರಗಳ ಒಳಗೆ ಅರ್ಜಿ ಸಲ್ಲಿಸಿದ ದಿನದ ಸ್ಥಿತಿಗೆ ಮರಳತಕ್ಕದ್ದು.

ಚಾಲಕರಿಗೆ ಅದನ್ನು ಓದಿ ಹೇಳಿದವನು ನಾನೇ. ಹೆಂಡತಿ ಕಿಟಕಿಯ ಹತ್ತಿರ ಸರಿದರು.

"ವಾಸಿಯಾಗಿದೆ ಅಂತ ಬರ್ದುಕೊಡಿ ಸ್ವಾಮಿ, ಸಾಕು. ಪರೀಕ್ಷೆ ಯಾಕೆ ಬೇಕು?"

"ವಾಸಿಯಾಗಿದೆ ಅಂತ ಪರೀಕ್ಷೆ ಹೇಳ್ಬೇಕಮ್ಮ. ಹೊಟ್ಟೆ ಹೇಳಿದ್ರೆ ಆಗಲ್ಲ."

"ಮತ್ತೆ ಪರೀಕ್ಷೆ ಮಾಡಿ!"

"ಕಾಯಿಲೆ ಇಲ್ದೆ ಹೇಗೆ ಮಾಡೋಕಾಗುತ್ತೆ?"

ಅವರು ನನ್ನನ್ನು ನೋಡಿದರು. ಶಿಶುವಿಹಾರದಲ್ಲಿ ಮಣ್ಣು ತಿಂದ ಮಗುವನ್ನು ಹಾಗೆ ನೋಡುತ್ತಾರೇನೋ. ಆಮೇಲೆ ಗಂಡನ ತೋಳು ಹಿಡಿದು, "ನಡೀರಿ, ಬೇಡ ಇವರ ಸಹವಾಸ. ಗೋಡೌನಲ್ಲೇ ಇರಿ. ಆರೋಗ್ಯ ಇದ್ರೆ ಸಾಕು," ಅಂದರು.

ಚಾಲಕರು ಕದಲಲಿಲ್ಲ. "ನಂಗೆ ಓಡಿಸೋದು ಬಿಟ್ರೆ ಬೇರೆ ಏನೂ ಬರಲ್ಲ ಕಣೆ," ಅಂದರು, ಮೆಲ್ಲಗೆ. "ಅಲ್ಲಿ ಕೂತ್ಕೊಂಡ್ರೆ ಕಾಲು ತಾನಾಗೇ ಬ್ರೇಕ್ ಹುಡುಕುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಏನೇನು ತಿನ್ಬೇಕು, ಬರ್ದುಕೊಡಿ ಸಾರ್," ಅಂದರು.

ಬರೆದುಕೊಟ್ಟೆವು. ಹಳೆ ಎಣ್ಣೆಯಲ್ಲಿ ಕರಿದದ್ದು ದಿನಕ್ಕೆ ಎರಡು ಸಲ, ಟೀ ಎಂಟು, ಊಟ ಮಧ್ಯಾಹ್ನ ನಾಲ್ಕಕ್ಕೆ ಮೀರಿ, ಬೀಡಿ ಒಂದು ಕಟ್ಟು. ಪುನಃಸ್ಥಾಪನೆ ಸರಿಯಾಗಿ ಆಗುತ್ತಿದೆಯೇ ಎಂದು ನೋಡಲು ಇಬ್ಬರು ಮೇಲ್ವಿಚಾರಕರನ್ನು ನೇಮಿಸಲಾಯಿತು. ಒಬ್ಬರು ಮುಖ್ಯಸ್ಥರ ಷಡ್ಡಕ, ಇನ್ನೊಬ್ಬರು ಷಡ್ಡಕನ ತಮ್ಮ. ಕರಿದದ್ದರ ಅಂಗಡಿ ಮುಖ್ಯಸ್ಥರ ಅತ್ತೆಯದು. ಬೇರೆ ಅಂಗಡಿಯ ಎಣ್ಣೆ ಅಷ್ಟು ಹಳೆಯದಲ್ಲವೆಂದು ತಜ್ಞರ ವರದಿ ಇತ್ತು.

ಚಾಲಕರು ಮನಸ್ಸಿಟ್ಟು ಕೆಡಿಸಿಕೊಂಡರು. ಹನ್ನೊಂದನೆಯ ದಿನ ದಿನಚರಿಯಲ್ಲಿ 'ಏಳು ಸಲ' ಎಂದು ಬರೆದು ತಂದಾಗ ನರ್ಸ್ ಅವರ ಕೈಕುಲುಕಿದರು. ಮುಖ ಬಿಳಿಚಿಕೊಂಡಿತ್ತು, ಅಂಗಿ ಜೋಲುತ್ತಿತ್ತು. ಹೆಂಡತಿ ಬಾಗಿಲ ಹೊರಗೇ ನಿಂತಿದ್ದರು, ಒಳಗೆ ಬರಲಿಲ್ಲ.

ಮಾದರಿ ಸಲ್ಲಿಸುವ ದಿನ ಬಂತು. ಮೂರು ತಿಂಗಳ ಗಡುವಿಗೆ ಇನ್ನೊಂದೇ ದಿನ ಉಳಿದಿತ್ತು. ಚಾಲಕರು ಇಸ್ತ್ರಿ ಮಾಡಿದ ಖಾಕಿ ತೊಟ್ಟು, ಮಂಜುಗಡ್ಡೆ ಸುತ್ತಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ತಾವೇ ಓಡಿಸುತ್ತಿದ್ದ ಬಸ್ಸಿನಲ್ಲಿ ಪ್ರಯಾಣಿಕರಾಗಿ ಬಂದರು. ಪಕ್ಕದಲ್ಲಿ ಕೂತವರು ಏನದು ಎಂದು ಕೇಳಿದರಂತೆ. "ನನ್ನ ಕೆಲ್ಸ," ಅಂದರಂತೆ ಇವರು.

ಡಬ್ಬಿಯನ್ನು ನನ್ನ ಕಿಟಕಿಯ ಕಟ್ಟೆಯ ಮೇಲಿಟ್ಟರು. ಮುಚ್ಚಳವನ್ನು ಸರಿಯಾದ ಕಡೆಗೇ ತಿರುಗಿಸಿದ್ದರು.

ಈ ಕಿಟಕಿಗೆ ಮಾದರಿ ಬಂದದ್ದು ಅದೇ ಮೊದಲು. ಉಳಿದವರೆಲ್ಲ ಯಾವುದಾದರೊಂದು ಹಂತದಲ್ಲಿ ಮನೆಗೆ ಹೋಗಿದ್ದರು, ಇಲ್ಲವೆ ಇನ್ನೂ ಭಾಷಣ ಕೇಳುತ್ತಿದ್ದರು. ಅದನ್ನು ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

"ಪ್ರಯೋಗಾಲಯಕ್ಕೆ ಕಳಿಸಿ," ಅಂದರು ಹೆಂಡತಿ. "ಅದೋ ಬೋರ್ಡು ಇದೆಯಲ್ಲ."

ಬೋರ್ಡು ಇತ್ತು. ಬಾಗಿಲೂ ಇತ್ತು. ನಾನು ತಡೆಯುವ ಮೊದಲೇ ಅವರು ಹೋಗಿ ಅದನ್ನು ತಳ್ಳಿದರು. ಒಳಗೆ ನೆಲದಿಂದ ಸೂರಿನವರೆಗೆ ದಿನಚರಿಗಳು. ಒಂದು ಮೂಲೆಯಲ್ಲಿ ಉದ್ಘಾಟನೆಯ ಟೇಪು, ಕತ್ತರಿ.

"ಯಂತ್ರ ಎಲ್ಲಿ?"

"ಯಂತ್ರ ಬರೋದು ಖರೀದಿ ವಿಭಾಗದ ವಿಷಯ ಅಮ್ಮ," ಅಂದೆ. "ನಮ್ದು ಸಿದ್ಧತೆ."

ಹೆಂಡತಿ ಬಾಗಿಲನ್ನು ದಡಾರನೆ ಎಳೆದು ಮುಚ್ಚಿದರು. ಚಾಲಕರು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡರು. "ಹಾಗಾದ್ರೆ ನಾನು ಕೆಟ್ಟಿದ್ದು ಯಾಕೆ?" ಅಂದರು. ಅದು ಯಾವ ಕಿಟಕಿಗೆ ಸೇರಿದ ಪ್ರಶ್ನೆಯೆಂದು ನಾನು ಸುತ್ತೋಲೆಯಲ್ಲಿ ಹುಡುಕತೊಡಗಿದೆ.

ಮುಖ್ಯಸ್ಥರು ಕರುಣಾಳುಗಳು. ಸದ್ದು ಕೇಳಿ ತಾವೇ ಹೊರಬಂದು, ಪರಿಸ್ಥಿತಿ ತಿಳಿದು, ನಿಂತಲ್ಲೇ ಹೊಸ ಪ್ರಮಾಣಪತ್ರವೊಂದನ್ನು ಜಾರಿಗೆ ತಂದರು. 'ಇವರು ಕರುಳಿನ ಸೂಕ್ಷ್ಮಾಣು ಪರೀಕ್ಷೆಗೆ ಸರ್ವವಿಧದಲ್ಲೂ ಸಿದ್ಧರಾಗಿರುತ್ತಾರೆ ಎಂದು ಈ ಮೂಲಕ ದೃಢೀಕರಿಸಲಾಗಿದೆ.' ದುಂಡು ಮೊಹರು, ಚೌಕ ಮೊಹರು, ಎರಡೂ ಬಿದ್ದವು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತು: ಪ್ರಮಾಣೀಕರಿಸಿದ ಸ್ಥಿತಿಯಿಂದ ರೋಗಿಯು ಚೇತರಿಸಿಕೊಂಡಲ್ಲಿ ಪತ್ರವು ರದ್ದಾಗತಕ್ಕದ್ದು.

ಡಿಪೋ ಮ್ಯಾನೇಜರ್ ಪತ್ರವನ್ನು ಬೆಳಕಿಗೆ ಹಿಡಿದು, ತಿರುವಿ, ಮೊಹರಿನ ಮೇಲೆ ಬೆರಳಾಡಿಸಿ ನೋಡಿದರು. "ಎರಡೆರಡು ಸೀಲ್ ಇದೆ. ಇನ್ನೇನು ಬೇಕು? ನಾಳೆಯಿಂದ ಬಸ್ ಹತ್ತಿ," ಅಂದರು.

ಚಾಲಕರು ಹತ್ತಿದರು. ಮೊದಲ ದಿನ ಅವರು ಸ್ಟೇರಿಂಗಿಗೆ ಹಣೆ ಮುಟ್ಟಿಸಿದರೆಂದು ಕಂಡಕ್ಟರ್ ಹೇಳಿದರು.

ಹೆಂಡತಿ ಆ ಷರತ್ತನ್ನು ಮೂರು ಸಲ ಓದಿದರು. ಈಗ ಪ್ರತಿದಿನ ಬೆಳಿಗ್ಗೆ ಶಿಶುವಿಹಾರಕ್ಕೆ ಹೊರಡುವ ಮುನ್ನ ಮುಖ್ಯಸ್ಥರ ಅತ್ತೆಯ ಅಂಗಡಿಗೆ ಹೋಗಿ, ಕರಿದದ್ದನ್ನು ಕಟ್ಟಿಸಿಕೊಂಡು, ಗಂಡನ ಚೀಲಕ್ಕೆ ತಾವೇ ಹಾಕುತ್ತಾರೆ.

ಡಿಪೋದವರು ವೇಳಾಪಟ್ಟಿಯನ್ನು ತಿದ್ದಿ 'ಚಾಲಕರ ಸಿದ್ಧತಾ ವಿರಾಮ' ಎಂದು ದಾರಿಯಲ್ಲಿ ಐದು ಕಡೆ ಹತ್ತು ಹತ್ತು ನಿಮಿಷ ಸೇರಿಸಿದ್ದಾರೆ. ಮೊನ್ನೆ ನಾನೂ ಅದೇ ಬಸ್ಸಿನಲ್ಲಿದ್ದೆ. ಬಸ್ಸು ನಿಂತಿತು, ಚಾಲಕರು ಇಳಿದು ಓಡಿದರು. ಜನ ಪೇಪರ್ ಬಿಡಿಸಿದರು, ಹೆಂಗಸೊಬ್ಬರು ಅವರೆಕಾಯಿ ಸುಲಿಯತೊಡಗಿದರು. ಊರಿಗೆ ಹೊಸಬನೊಬ್ಬ ಗಡಿಯಾರ ನೋಡಿಕೊಂಡು, "ಇದೇನ್ರಿ ಅನ್ಯಾಯ? ಆಗ್ಲಿಂದ ಮೂರನೇ ಸಲ! ಹುಷಾರಿರೋ ಡ್ರೈವರನ್ನ ಹಾಕ್ಬಾರ್ದಾ?" ಎಂದು ಕೂಗಿದ.

ಮುಂದಿನ ಸೀಟಿನ ಮುದುಕರು ಕನ್ನಡಕ ತೆಗೆದು ಅವನನ್ನು ನೋಡಿದರು.

"ಬಾಯಿಗೆ ಬಂದಹಾಗೆ ಮಾತಾಡ್ಬೇಡಪ್ಪ," ಅಂದರು. "ಹುಷಾರಿರೋರು ಯಾರು ಬೇಕಾದ್ರೂ ಸಿಗ್ತಾರೆ. ಇವರಿಗೆ ಸರ್ಟಿಫಿಕೇಟ್ ಇದೆ."

ಹೊಸಬ ನಾಚಿ, ಕ್ಷಮೆ ಕೇಳಿ, ಕೂತುಕೊಂಡ.